ಸೈನಿಕರ ಸಂಬಳ ನಿಂತಾಗ: ರೋಮ್ ಯಾಕೆ ಬಿತ್ತು?

ಪ್ರಶ್ನೆ: ಸರ್, ಮಗಳಿಗೆ ಹೈಸ್ಕೂಲ್ ಇತಿಹಾಸ ಹೇಳಿಕೊಡುವಾಗ ಒಂದು ಅನುಮಾನ ಬಂತು. ರೋಮನ್ ಸಾಮ್ರಾಜ್ಯ ಕ್ರಿ.ಶ. 476ರಲ್ಲಿ ಪತನವಾಯಿತು ಅಂತ ಪಾಠದಲ್ಲಿ ಒಂದೇ ಸಾಲು ಇದೆ. ಯಾಕೆ ಅಂತ ಹುಡುಕಿದರೆ ಒಬ್ಬರು ಭೋಗಜೀವನ ಅಂತಾರೆ, ಇನ್ನೊಬ್ಬರು ಸೀಸದ ಪೈಪಿನ ನೀರು ಅಂತಾರೆ, ಮತ್ತೊಬ್ಬರು ಕ್ರೈಸ್ತ ಧರ್ಮ ಬಂದು ಯುದ್ಧದ ಹುಮ್ಮಸ್ಸು ಹೋಯಿತು ಅಂತಾರೆ. ನಿಜವಾದ ಕಾರಣ ಯಾವುದು? ಹಳೇ ಕಾಲದ ದೊಡ್ಡ ಸಾಮ್ರಾಜ್ಯಗಳೆಲ್ಲ ಹೀಗೇ ಬಿದ್ದವಾ? ಬೀಳುತ್ತಿದೆ ಅಂತ ಆಗಿನ ಜನರಿಗೆ ಗೊತ್ತಾಗಿತ್ತಾ?

ಉತ್ತರ: ನಿಮ್ಮ ಎರಡನೇ ಪ್ರಶ್ನೆ ಮೊದಲು ಮುಗಿಸಿಬಿಡೋಣ. ಎಲ್ಲಕ್ಕೂ ಒಂದೇ ಕಾರಣ ಇಲ್ಲ. ಪರ್ಷಿಯಾದ ಅಕೆಮೆನಿಡ್ ಸಾಮ್ರಾಜ್ಯ ಕ್ರಿ.ಪೂ. 330ರಲ್ಲಿ ಮುಗಿದಾಗ ಅದರ ಖಜಾನೆ ತುಂಬಿ ತುಳುಕುತ್ತಿತ್ತು. ಆಡಳಿತ ನಡೀತಾ ಇತ್ತು, ಕಂದಾಯ ಬರ್ತಾ ಇತ್ತು. ಅಲೆಕ್ಸಾಂಡರ್ ಬಂದ, ಎರಡು ಮೂರು ದೊಡ್ಡ ಯುದ್ಧ ಗೆದ್ದ, ಮುಗೀತು. ಚೀನಾದ ಹಾನ್ ರಾಜವಂಶದ ಕಥೆ ಬೇರೆ. 184ರಲ್ಲಿ ರೈತರು ದಂಗೆ ಎದ್ದರು, ಅದನ್ನು ಅಡಗಿಸಲು ಹೋದ ದಂಡನಾಯಕರೇ ದಂಡು ಇಟ್ಟುಕೊಂಡು ತಮ್ಮ ತಮ್ಮ ಪ್ರಾಂತ್ಯಕ್ಕೆ ಒಡೆಯರಾದರು, 220ರಲ್ಲಿ ಕೊನೆಯ ಚಕ್ರವರ್ತಿ ಪಟ್ಟ ಬಿಟ್ಟುಕೊಟ್ಟ. ಹಾಗಾಗಿ ಸಾಮ್ರಾಜ್ಯಗಳ ಪತನಕ್ಕೆ ಇಷ್ಟೇ ಕಾರಣ, ಇಷ್ಟೇ ಹಂತ ಅಂತ ಯಾರಾದರೂ ಪಟ್ಟಿ ಕೊಟ್ಟರೆ ನಂಬಬೇಡಿ.

ರೋಮ್ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳಬಹುದು, ಯಾಕಂದ್ರೆ ಅಲ್ಲಿ ದಾಖಲೆ ಜಾಸ್ತಿ. ಕಾರಣಗಳೂ ಜಾಸ್ತಿ. ಜರ್ಮನ್ ಇತಿಹಾಸಕಾರರೊಬ್ಬರು ಅಲ್ಲಿಯವರೆಗೆ ವಿದ್ವಾಂಸರು ಕೊಟ್ಟ ಕಾರಣಗಳನ್ನೆಲ್ಲ ಒಟ್ಟುಹಾಕಿ ಎಣಿಸಿದಾಗ ಲೆಕ್ಕ 210ಕ್ಕೆ ಬಂತು. ಅದರಲ್ಲಿ ಮುಕ್ಕಾಲು ಪಾಲು ತಳ್ಳಿಹಾಕೋಕೆ ಒಂದು ಸರಳ ಪರೀಕ್ಷೆ ಇದೆ.

ಪರೀಕ್ಷೆ ಹೀಗೆ. 395ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಸತ್ತಾಗ ಸಾಮ್ರಾಜ್ಯ ಅವನ ಇಬ್ಬರು ಮಕ್ಕಳಿಗೆ ಹಂಚಿಹೋಯಿತು. ಪೂರ್ವ ಭಾಗ ದೊಡ್ಡವನು ಅರ್ಕೇಡಿಯಸ್‌ಗೆ, ಪಶ್ಚಿಮ ಭಾಗ ಹತ್ತು ವರ್ಷದ ಹುಡುಗ ಹೊನೊರಿಯಸ್‌ಗೆ. ಪಶ್ಚಿಮದ ಕಥೆ ಎಂಬತ್ತು ವರ್ಷದಲ್ಲಿ ಮುಗಿಯಿತು. ಕಾನ್‌ಸ್ಟಾಂಟಿನೋಪಲ್‌ನಿಂದ (ಇವತ್ತಿನ ಇಸ್ತಾಂಬುಲ್) ಆಳಿದ ಪೂರ್ವ ಭಾಗ 1453ರವರೆಗೆ ಉಳಿಯಿತು. ಅಂದರೆ ಸಾವಿರ ವರ್ಷಕ್ಕಿಂತ ಜಾಸ್ತಿ. ಹಾಗಿದ್ದಮೇಲೆ ನೀವು ಯಾವ ಕಾರಣ ಕೊಟ್ಟರೂ ಅದು ಪಶ್ಚಿಮ ಯಾಕೆ ಬಿತ್ತು ಅಂತ ಹೇಳಿದರೆ ಸಾಲದು, ಪೂರ್ವ ಯಾಕೆ ಬೀಳಲಿಲ್ಲ ಅಂತಲೂ ಹೇಳಬೇಕು, ಅಲ್ವಾ?

ಈಗ ನಿಮ್ಮ ಪಟ್ಟಿ ನೋಡಿ. ಸೀಸದ ಪೈಪು ಪೂರ್ವದ ಊರುಗಳಲ್ಲೂ ಇತ್ತು. ಅದೂ ಅಲ್ಲದೆ ರೋಮಿನ ನೀರು ಗಡಸು ನೀರು, ಪೈಪಿನ ಒಳಗೆ ಸುಣ್ಣದ ಪದರ ಕಟ್ಟುತ್ತಿತ್ತು, ಸೀಸ ನೀರಿಗೆ ಸೇರುವುದು ಕಡಿಮೆಯಾಗುತ್ತಿತ್ತು. ಕ್ರೈಸ್ತ ಧರ್ಮ ಪೂರ್ವದಲ್ಲೇ ಹೆಚ್ಚು ಬೇರುಬಿಟ್ಟಿತ್ತು. ಸನ್ಯಾಸಿಗಳು ಹೆಚ್ಚು, ಮಠಗಳು ಹೆಚ್ಚು, ಧರ್ಮದ ಜಗಳ ಅಂತೂ ಇನ್ನೂ ಹೆಚ್ಚು. ಭೋಗಜೀವನದಲ್ಲಿ ಕಾನ್‌ಸ್ಟಾಂಟಿನೋಪಲ್ ಯಾರಿಗೂ ಕಡಿಮೆ ಇರಲಿಲ್ಲ. ಇನ್ನೊಂದು ತಮಾಷೆ ಅಂದ್ರೆ, ನಮ್ಮ ಜನ ಸುಖದ ಬೆನ್ನುಹತ್ತಿ ಕೆಟ್ಟರು ಅಂತ ರೋಮನ್ ಲೇಖಕರು ಗೋಳಾಡಿದ್ದು ಕ್ರಿಸ್ತಪೂರ್ವ ಒಂದನೇ ಶತಮಾನದಲ್ಲಿ. ಆಗ ರೋಮ್ ಸಿಕ್ಕಸಿಕ್ಕ ದೇಶ ಗೆಲ್ಲುತ್ತಾ ಬೆಳೆಯುತ್ತಿತ್ತು! ರೋಗ, ಹವಾಮಾನ ಇವನ್ನು ನಾನು ಸುಮ್ನೆ ತಳ್ಳಿಹಾಕಲ್ಲ. 165ರ ಸುಮಾರಿಗೆ ಒಂದು ದೊಡ್ಡ ಪಿಡುಗು, 250ರ ಸುಮಾರಿಗೆ ಇನ್ನೊಂದು ಬಂದು ಹೋದವು, ಲಕ್ಷಾಂತರ ಜನ ಸತ್ತರು. ಆದರೆ ಅವು ಎರಡೂ ಕಡೆಯವರನ್ನು ಹೊಡೆದವು.

ಹಾಗಾದರೆ ಉಳಿಯುವುದೇನು? ನನ್ನ ಉತ್ತರ: ಕಂದಾಯ ಮತ್ತು ದಂಡು. ಪಶ್ಚಿಮ ರೋಮ್ ಬಿದ್ದದ್ದು ತನ್ನ ಸೈನಿಕರಿಗೆ ಸಂಬಳ ಕೊಡಲಾಗದೆ. ಉಳಿದದ್ದೆಲ್ಲ ಅಲ್ಲಿಗೆ ಹೇಗೆ ಬಂದಿತು ಅನ್ನುವ ವಿವರ.

ರೋಮನ್ ಸರ್ಕಾರ ಇವತ್ತಿನ ಸರ್ಕಾರದ ಥರ ಅಲ್ಲ. ಶಾಲೆ, ಆಸ್ಪತ್ರೆ, ಪಿಂಚಣಿ ಅಂತೆಲ್ಲ ದೊಡ್ಡ ಖರ್ಚಿಲ್ಲ. ಬೊಕ್ಕಸದ ಅರ್ಧಕ್ಕಿಂತ ಜಾಸ್ತಿ ಹಣ ದಂಡಿಗೇ ಹೋಗುತ್ತಿತ್ತು. ಆದಾಯದ ದೊಡ್ಡ ಪಾಲು ಬರುತ್ತಿದ್ದದ್ದು ಭೂಮಿಯಿಂದ, ಅಂದರೆ ಉಳುವವನ ಬೆಳೆಯಿಂದ. ಬಾಂಡ್ ಮಾರಿ ಸಾಲ ಎತ್ತುವ ಪದ್ಧತಿ ಇಲ್ಲ. ಕಂದಾಯ ಬಂದರೆ ದಂಡಿಗೆ ಸಂಬಳ, ದಂಡು ಗಡಿ ಕಾದರೆ ರೈತ ನೆಮ್ಮದಿಯಾಗಿ ಬೆಳೆ ತೆಗೆಯುತ್ತಾನೆ, ಬೆಳೆ ಬಂದರೆ ಕಂದಾಯ. ಈ ಸುತ್ತು ನಡೆಯುವವರೆಗೆ ಚಕ್ರವರ್ತಿ ಹುಚ್ಚನಾದರೂ ನಡೆಯುತ್ತಿತ್ತು. ಹುಚ್ಚರೂ ಆಳಿದ್ದಾರೆ.

ಹಣ ಸಾಲದೇ ಬಂದಾಗ ಅವರಿಗೆ ಗೊತ್ತಿದ್ದ ಸುಲಭದ ದಾರಿ ಒಂದೇ: ನಾಣ್ಯಕ್ಕೆ ತಾಮ್ರ ಬೆರೆಸುವುದು. ಇದರ ಗುರುತು ನಮ್ಮ ನೆಲದಲ್ಲೂ ಸಿಕ್ಕಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದ್ದು ನೀವು ಕೇಳಿರಬಹುದು. 1891ರಲ್ಲಿ ಬೆಂಗಳೂರಿನ ಯಶವಂತಪುರದ ಹತ್ತಿರವೂ ಅಂಥದೇ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ದಕ್ಷಿಣ ಭಾರತದಲ್ಲಿ ಸಿಕ್ಕ ಇಂಥ ಬೆಳ್ಳಿ ನಾಣ್ಯಗಳಲ್ಲಿ ಬಹುಪಾಲು ಆಗಸ್ಟಸ್ ಮತ್ತು ಟೈಬೀರಿಯಸ್ ಕಾಲದವು. ಅವು ಹೆಚ್ಚುಕಡಿಮೆ ಶುದ್ಧ ಬೆಳ್ಳಿ. 64ರಲ್ಲಿ ನೀರೊ ನಾಣ್ಯದ ತೂಕ ಇಳಿಸಿ ಬೆಳ್ಳಿ ಕಡಿಮೆ ಮಾಡಿದ. ಅದಾದ ಮೇಲಿನ ಬೆಳ್ಳಿ ನಾಣ್ಯ ನಮ್ಮ ಕಡೆ ಸಿಗುವುದು ತೀರಾ ಅಪರೂಪ. ನಮ್ಮ ವ್ಯಾಪಾರಿಗಳು ಉಜ್ಜಿ, ತೂಗಿ, ನೋಡಿಯೇ ತಗೊಳ್ಳುತ್ತಿದ್ದರು ಅಂತ ಕಾಣುತ್ತೆ. ರೋಮಿನ ಸಾಮಾನ್ಯ ಸೈನಿಕನಿಗೆ ಆ ಆಯ್ಕೆ ಇರಲಿಲ್ಲ, ಕೊಟ್ಟದ್ದನ್ನು ತಗೋಬೇಕಿತ್ತು.

ಆದರೆ ಸೈನಿಕನ ಕೈಯಲ್ಲಿ ಬೇರೆ ಆಯ್ಕೆ ಇತ್ತು. ಚಕ್ರವರ್ತಿಯನ್ನೇ ಬದಲಾಯಿಸುವುದು. 211ರಲ್ಲಿ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ಬ್ರಿಟನ್ನಿನ ಯಾರ್ಕ್‌ನಲ್ಲಿ ಸಾಯುವಾಗ ಮಕ್ಕಳಿಬ್ಬರಿಗೂ ಹೇಳಿದ್ದು ಇಷ್ಟು: ಒಗ್ಗಟ್ಟಾಗಿರಿ, ಸೈನಿಕರಿಗೆ ಕೈತುಂಬ ಕೊಡಿ, ಮಿಕ್ಕವರ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ದೊಡ್ಡ ಮಗ ಕಾರಕಲ್ಲ ಮೊದಲ ಮಾತು ಬಿಟ್ಟ, ತಮ್ಮನನ್ನು ಕೊಲ್ಲಿಸಿದ. ಎರಡನೆಯದನ್ನು ಚಾಚೂ ತಪ್ಪದೆ ಪಾಲಿಸಿದ, ಸಂಬಳ ಏರಿಸಿದ. ಕೊನೆಗೆ ಒಬ್ಬ ಸೈನಿಕನ ಕೈಯಲ್ಲೇ ಸತ್ತ, ಅದು ಬೇರೆ ಮಾತು. ಅದೇ ಹೊತ್ತಿಗೆ ಗಡಿಯಾಚೆಯ ನೆರೆಯವರೂ ಬದಲಾದರು. 224ರಲ್ಲಿ ಪರ್ಷಿಯಾದಲ್ಲಿ ಸಸ್ಸಾನಿಯನ್ನರು ಬಂದರು, ಹಿಂದಿನವರಿಗಿಂತ ತುಂಬಾ ಗಟ್ಟಿ ಆಸಾಮಿಗಳು. ರೈನ್ ನದಿ ಆಚೆ ಚಿಲ್ಲರೆ ಪಂಗಡಗಳಾಗಿದ್ದ ಜರ್ಮನರು ಸೇರಿಕೊಂಡು ಫ್ರಾಂಕರು, ಅಲಮನ್ನರು ಅಂತ ದೊಡ್ಡ ಕೂಟಗಳಾದರು. ಎರಡೂ ಕಡೆ ಒಟ್ಟಿಗೆ ಸೈನ್ಯ ಬೇಕಾಯಿತು, ಒಬ್ಬ ಚಕ್ರವರ್ತಿ ಎರಡು ಕಡೆ ಇರೋಕೆ ಆಗಲ್ಲ. 235ರಿಂದ 284ರವರೆಗೆ ಐವತ್ತು ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಕ್ರವರ್ತಿಗಳು ಬಂದು ಹೋದರು, ವಯಸ್ಸಾಗಿ ಸತ್ತವರು ಅಂತ ಹುಡುಕೋದೇ ಕಷ್ಟ. 260ರಲ್ಲಿ ವಲೇರಿಯನ್ ಪರ್ಷಿಯಾದ ಶಾಪುರನ ಕೈಗೆ ಜೀವಂತ ಸಿಕ್ಕಿಬಿದ್ದ. 270ರ ಹೊತ್ತಿಗೆ ಬೆಳ್ಳಿ ನಾಣ್ಯ ಅಂತ ಹೆಸರಿದ್ದದ್ದರಲ್ಲಿ ಬೆಳ್ಳಿ ನೂರಕ್ಕೆ 5 ಪಾಲೂ ಇರಲಿಲ್ಲ.

ಇಲ್ಲಿ ಒಂದು ಮಾತು ಗಮನಿಸಿ. ಸಾಮ್ರಾಜ್ಯ ಆಗ ಬೀಳಬೇಕಿತ್ತು, ಬೀಳಲಿಲ್ಲ. ಔರೇಲಿಯನ್ ಒಡೆದುಹೋದ ಭಾಗಗಳನ್ನು ಐದು ವರ್ಷದಲ್ಲಿ ಮತ್ತೆ ಜೋಡಿಸಿದ. ಡಯೊಕ್ಲೀಷಿಯನ್ ಪ್ರಾಂತ್ಯಗಳನ್ನು ಒಡೆದು ಸಂಖ್ಯೆ ದುಪ್ಪಟ್ಟು ಮಾಡಿದ, ಜಮೀನು ಅಳೆಸಿ, ತಲೆ ಎಣಿಸಿ, ಕಂದಾಯ ಹೊಸದಾಗಿ ಕಟ್ಟಿದ. ಬೆಲೆ ಏರಿಕೆ ತಡೆಯೋಕೆ 301ರಲ್ಲಿ ಎಲ್ಲ ಸಾಮಾನಿಗೂ ಗರಿಷ್ಠ ಬೆಲೆ ಕೆತ್ತಿಸಿ ನಿಲ್ಲಿಸಿದ, ಅದು ಮಾತ್ರ ನಡೆಯಲಿಲ್ಲ. ಆಮೇಲೆ ಕಾನ್‌ಸ್ಟಂಟೈನ್ ಸಾಲಿಡಸ್ ಅನ್ನುವ ಚಿನ್ನದ ನಾಣ್ಯ ತಂದ. ಒಂದು ರೋಮನ್ ಪೌಂಡ್ ಚಿನ್ನಕ್ಕೆ 72 ನಾಣ್ಯ, ಒಂದೊಂದು ಸುಮಾರು ನಾಲ್ಕೂವರೆ ಗ್ರಾಂ. ಆ ನಾಣ್ಯ ಪೂರ್ವದಲ್ಲಿ ಏಳು ಶತಮಾನ ಹೆಚ್ಚುಕಡಿಮೆ ಕಲಬೆರಕೆ ಇಲ್ಲದೆ ಓಡಿತು. ನಾಲ್ಕನೇ ಶತಮಾನದಲ್ಲಿ ಆಫ್ರಿಕಾ, ಸಿರಿಯಾ ಕಡೆ ಹಳ್ಳಿಗಳು ಚೆನ್ನಾಗಿ ಬೆಳೆದಿದ್ದವು ಅಂತ ಭೂಶೋಧನೆಯವರು ತೋರಿಸಿದ್ದಾರೆ. ಅಂದರೆ ಮುನ್ನೂರು ವರ್ಷ ನಿಧಾನಕ್ಕೆ ಇಳಿಜಾರಿನಲ್ಲಿ ಜಾರಿತು ಅನ್ನುವ ಚಿತ್ರವೇ ತಪ್ಪು. 370ರಲ್ಲಿ ಯಾರನ್ನಾದರೂ ಕೇಳಿದ್ದರೆ, ಕಂದಾಯ ಜಾಸ್ತಿ ಆಯ್ತು ಅಂತ ಬೈಯುತ್ತಿದ್ದರು, ಸಾಮ್ರಾಜ್ಯ ಮುಗಿಯುತ್ತೆ ಅಂತ ಹೇಳುತ್ತಿರಲಿಲ್ಲ.

ಪೆಟ್ಟು ಬಿದ್ದದ್ದು ಆಮೇಲೆ, ತುಂಬಾ ಬೇಗ ಬೇಗ. 376ರಲ್ಲಿ ಹೂಣರ ಕಾಟ ತಾಳಲಾರದೆ ಗೋಥರು ಅನ್ನುವ ಜರ್ಮನ್ ಮೂಲದ ಜನ ಹೆಂಡತಿ ಮಕ್ಕಳ ಸಮೇತ ಡ್ಯಾನ್ಯೂಬ್ ನದಿ ದಂಡೆಗೆ ಬಂದು ಒಳಗೆ ಬಿಡಿ ಅಂತ ಬೇಡಿದರು. ಬಿಟ್ಟರು. ಅವರಿಗೆ ಊಟ ಒದಗಿಸಬೇಕಾದ ಅಧಿಕಾರಿಗಳು ಮಾಡಿದ್ದೇನು ಗೊತ್ತಾ? ಒಂದು ನಾಯಿಗೆ ಒಬ್ಬ ಗುಲಾಮ ಅಂತ ದರ ಕಟ್ಟಿದರು. ಹಸಿದ ಗೋಥರು ತಮ್ಮ ಮಕ್ಕಳನ್ನು ಕೊಟ್ಟು ನಾಯಿ ಮಾಂಸ ತಿಂದರು, ನಾಯಕರ ಮಕ್ಕಳೂ ಅದರಲ್ಲಿ ಹೋದರು. ಇದನ್ನು ಬರೆದಿಟ್ಟವನು ರೋಮನ್ ಸೇನೆಯಲ್ಲೇ ಅಧಿಕಾರಿಯಾಗಿದ್ದವನು. ದಂಗೆ ಏಳದೆ ಇರುತ್ತಾರಾ? 378ರ ಆಗಸ್ಟ್ 9ರಂದು ಆಡ್ರಿಯನೋಪಲ್ ಹತ್ತಿರ ಚಕ್ರವರ್ತಿ ವೇಲೆನ್ಸ್ ಸತ್ತ, ಅವನ ಜೊತೆ ಅವತ್ತು ಕಣಕ್ಕಿಳಿದ ಸೈನ್ಯದ ಮೂರರಲ್ಲಿ ಎರಡು ಪಾಲು ಸತ್ತಿತು. 382ರ ಒಪ್ಪಂದದಲ್ಲಿ ಗೋಥರಿಗೆ ಸಾಮ್ರಾಜ್ಯದ ಒಳಗೇ, ತಮ್ಮದೇ ಗುಂಪಾಗಿ ಇರಲು ಜಾಗ ಕೊಟ್ಟರು.

ಇದೂ ಪೂರ್ವದಲ್ಲೇ ನಡೆದದ್ದು, ಅಲ್ವಾ? ಪೂರ್ವಕ್ಕೆ ಬಿದ್ದ ಪೆಟ್ಟು ಪಶ್ಚಿಮವನ್ನು ಯಾಕೆ ಕೆಡವಿತು ಅಂತ ನೀವು ಕೇಳಬಹುದು. ಒಂದು ಕಾರಣ, ಪಶ್ಚಿಮದವರು ತಮ್ಮ ದಂಡನ್ನು ತಾವೇ ಕೊಂದುಕೊಂಡರು. ಪಟ್ಟಕ್ಕಾಗಿ 388ರಲ್ಲಿ ಒಂದು ಅಂತರ್ಯುದ್ಧ, 394ರಲ್ಲಿ ಇನ್ನೊಂದು. ಎರಡರಲ್ಲೂ ಗೆದ್ದವನು ಪೂರ್ವದ ಥಿಯೊಡೋಸಿಯಸ್, ಸತ್ತವರಲ್ಲಿ ಪಶ್ಚಿಮದ ಸೈನಿಕರೇ ಜಾಸ್ತಿ. ರೈನ್ ಕಾವಲು ಹೀಗೆ ತೆಳುವಾಯಿತು. 406ರ ಕೊನೆಯ ದಿನ ವ್ಯಾಂಡಲರು, ಅಲನ್ನರು, ಸ್ವೇವಿಗಳು ನದಿ ದಾಟಿ ಗಾಲ್ (ಇವತ್ತಿನ ಫ್ರಾನ್ಸ್ ಕಡೆ) ಒಳಗೆ ನುಗ್ಗಿದರು. ಮರುವರ್ಷ ಬ್ರಿಟನ್ನಿನ ಸೈನ್ಯ ತನ್ನದೇ ಚಕ್ರವರ್ತಿಯನ್ನು ಮಾಡಿಕೊಂಡು ಕಡಲು ದಾಟಿ ಗಾಲ್‌ಗೆ ಬಂತು, ವಾಪಸ್ ಹೋಗಲೇ ಇಲ್ಲ. ಹೊನೊರಿಯಸ್ ಸರ್ಕಾರಕ್ಕೆ ಗಾಲ್ ಲೂಟಿ ಮಾಡುತ್ತಿದ್ದ ವ್ಯಾಂಡಲರಿಗಿಂತ ಈ ಎದುರಾಳಿ ಚಕ್ರವರ್ತಿಯೇ ದೊಡ್ಡ ಶತ್ರು ಅನ್ನಿಸಿದ. ಅವನನ್ನು ಮುಗಿಸೋಕೆ 411ರವರೆಗೆ ಹಿಡಿಯಿತು. 408ರಲ್ಲಿ ತನ್ನ ಅತ್ಯುತ್ತಮ ಸೇನಾಪತಿ ಸ್ಟಿಲಿಕೊನ ತಲೆ ತೆಗೆಸಿದರು. ಅಷ್ಟಕ್ಕೇ ನಿಲ್ಲದೆ, ರೋಮಿನ ಪರವಾಗಿ ಹೋರಾಡುತ್ತಿದ್ದ ಹೊರನಾಡ ಸೈನಿಕರ ಹೆಂಡತಿ ಮಕ್ಕಳನ್ನು ಇಟಲಿಯ ಊರೂರಲ್ಲಿ ಕೊಂದರು. ಆ ಸೈನಿಕರು ಸಾವಿರಾರು ಸಂಖ್ಯೆಯಲ್ಲಿ ಹೋಗಿ ಗೋಥರ ಅಲಾರಿಕ್‌ನನ್ನು ಸೇರಿಕೊಂಡರು.

ಅಲಾರಿಕ್ ರೋಮ್ ನಗರಕ್ಕೆ ಮುತ್ತಿಗೆ ಹಾಕಿ ಕೇಳಿದ ಕಪ್ಪದ ಪಟ್ಟಿ ನಮಗೆ ಸಿಕ್ಕಿದೆ. 5000 ಪೌಂಡ್ ಚಿನ್ನ, 30,000 ಪೌಂಡ್ ಬೆಳ್ಳಿ, 4000 ರೇಷ್ಮೆ ಅಂಗಿ, ಕೆಂಪು ಬಣ್ಣ ಹಾಕಿದ 3000 ಚರ್ಮ, ಮತ್ತು 3000 ಪೌಂಡ್ ಕಾಳುಮೆಣಸು. ಮೆಣಸು ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದ, ಮುಖ್ಯವಾಗಿ ಮಲಬಾರಿನಿಂದ. ಮುತ್ತಿಗೆ ಬಿದ್ದು ಜನ ಹಸಿವಿನಿಂದ ಸಾಯುತ್ತಿದ್ದ ಊರಿನಲ್ಲಿ ಒಂದು ಟನ್‌ಗೆ ಹತ್ತಿರ ಮೆಣಸು ಹೊರಗೆ ತೆಗೆಯಬಹುದಿತ್ತು! ಈಗ ಆ ಚಿನ್ನದ ಲೆಕ್ಕ ನೋಡಿ. 5000 ರೋಮನ್ ಪೌಂಡ್ ಅಂದರೆ ಸುಮಾರು 1600 ಕಿಲೋ. ಅದೇ ಕಾಲದ ಇನ್ನೊಬ್ಬ ಲೇಖಕ ಹೇಳುವಂತೆ ರೋಮಿನ ದೊಡ್ಡ ಸೆನೆಟರ್ ಮನೆತನಗಳಿಗೆ ಒಂದೊಂದಕ್ಕೂ ಜಮೀನಿನಿಂದ ವರ್ಷಕ್ಕೆ ಬರುತ್ತಿದ್ದ ಹುಟ್ಟುವಳಿ 4000 ಪೌಂಡ್ ಚಿನ್ನ. ಅಂದರೆ ಇಡೀ ರೋಮ್ ನಗರದ ಪ್ರಾಣಕ್ಕೆ ಅಲಾರಿಕ್ ಕಟ್ಟಿದ ಬೆಲೆ ಒಂದು ಶ್ರೀಮಂತ ಮನೆಯ ಒಂದೂಕಾಲು ವರ್ಷದ ಆದಾಯ. ಆದರೂ ಆ ಹಣ ಹೊಂದಿಸೋಕೆ ಸೆನೆಟರುಗಳು ಒದ್ದಾಡಿದರು, ದೇವರ ವಿಗ್ರಹಗಳ ಮೇಲಿನ ಚಿನ್ನ ಕಿತ್ತು ಕರಗಿಸಿದರು. ಎರಡು ವರ್ಷ ಕಳೆದು 410ರ ಆಗಸ್ಟಿನಲ್ಲಿ ಅಲಾರಿಕ್ ಊರೊಳಗೆ ನುಗ್ಗಿ ಮೂರು ದಿನ ಲೂಟಿ ಮಾಡಿದ.

410 ದೊಡ್ಡ ಸುದ್ದಿ, ಜಗತ್ತೆಲ್ಲ ಬೆಚ್ಚಿತು. ಆದರೆ ನನ್ನನ್ನು ಕೇಳಿದರೆ ಇಡೀ ಕಥೆಯ ಮುಖ್ಯ ವರ್ಷ 439. ಪಠ್ಯಪುಸ್ತಕದಲ್ಲಿ ಅದರ ಹೆಸರೇ ಇರಲ್ಲ.

ರೋಮನ್ ಆಫ್ರಿಕಾ ಅಂದರೆ ಇವತ್ತಿನ ಟುನೀಸಿಯಾ ಮತ್ತು ಅಲ್ಜೀರಿಯಾದ ಉತ್ತರ ಭಾಗ. ಗೋಧಿ ಮತ್ತು ಆಲಿವ್ ಎಣ್ಣೆಯ ನಾಡು. ಈಜಿಪ್ಟಿನ ಗೋಧಿ ಕಾನ್‌ಸ್ಟಾಂಟಿನೋಪಲ್‌ಗೆ ಹೋಗೋಕೆ ಶುರುವಾದ ಮೇಲೆ ರೋಮ್ ನಗರ ಊಟ ಮಾಡುತ್ತಿದ್ದದ್ದು ಆಫ್ರಿಕಾದ ಕಂದಾಯದ ಗೋಧಿಯಿಂದ. ಆ ಪ್ರಾಂತ್ಯದ ಇನ್ನೊಂದು ಗುಣ, ಅಲ್ಲಿ ದೊಡ್ಡ ಶತ್ರು ಇರಲಿಲ್ಲ, ಹಾಗಾಗಿ ದೊಡ್ಡ ದಂಡು ಬೇಕಿರಲಿಲ್ಲ. ಗಾಲ್‌ನಲ್ಲಿ ಬಂದದ್ದು ಗಾಲ್‌ನ ಕಾವಲಿಗೇ ಸರಿಹೋಗುತ್ತಿತ್ತು, ಆಫ್ರಿಕಾದಲ್ಲಿ ಬಂದದ್ದರಲ್ಲಿ ಬಹುಪಾಲು ಉಳಿತಾಯ. ಹತ್ತು ಎಕರೆ ಖುಷ್ಕಿ, ಒಂದು ಎಕರೆ ನೀರಾವರಿ ತೋಟ ಇರುವ ಮನೆಯವರಿಗೆ ಗೊತ್ತು, ಸಂಸಾರ ನಡೆಯುವುದು ಆ ಒಂದು ಎಕರೆಯಿಂದ. ಆ ತೋಟ ಆಫ್ರಿಕಾ.

429ರಲ್ಲಿ ವ್ಯಾಂಡಲರ ರಾಜ ಗೈಸೆರಿಕ್ ತನ್ನ ಜನರನ್ನೆಲ್ಲ ಕಟ್ಟಿಕೊಂಡು ಸ್ಪೇನ್‌ನಿಂದ ಜಲಸಂಧಿ ದಾಟಿದ. ಗಂಡಸು, ಹೆಂಗಸು, ಮಕ್ಕಳು ಸೇರಿ 80,000 ಅಂತ ಹಳೆಯ ಲೆಕ್ಕ. ಹತ್ತು ವರ್ಷ ತೀರದುದ್ದಕ್ಕೂ ನಿಧಾನವಾಗಿ ಪೂರ್ವಕ್ಕೆ ಬಂದ. 439ರ ಅಕ್ಟೋಬರ್ 19ರಂದು, ಒಪ್ಪಂದ ಇದ್ದಾಗಲೇ, ಆಫ್ರಿಕಾದ ಮುಖ್ಯ ಬಂದರು ನಗರ ಕಾರ್ಥೇಜ್ ಹಿಡಿದ. ಬಂದರೂ ಅವನದು, ಹಡಗೂ ಅವನದು.

ಆಮೇಲೆ ಏನಾಯಿತು ಅಂತ ತಿಳಿಯೋಕೆ ಯುದ್ಧದ ವರ್ಣನೆ ಓದಬೇಡಿ, ಸರ್ಕಾರಿ ಆದೇಶ ಓದಿ. ಪುಣ್ಯಕ್ಕೆ ಉಳಿದುಕೊಂಡಿವೆ. 441ರಲ್ಲಿ ಚಕ್ರವರ್ತಿ ಮೂರನೇ ವ್ಯಾಲೆಂಟೀನಿಯನ್ ಹಳೇ ತೆರಿಗೆ ವಿನಾಯಿತಿಗಳಿಗೆ ಕೈಹಾಕಿದ. 444ರ ಆದೇಶದಲ್ಲಿ ಬಾಯಿಬಿಟ್ಟೇ ಹೇಳಿಕೊಂಡ: ಈಗ ಬರುತ್ತಿರುವ ಕಂದಾಯದಲ್ಲಿ ಹೊಸ ಸೈನಿಕರಿಗಿರಲಿ, ಹಳೇ ಸೈನಿಕರಿಗೂ ಊಟ ಬಟ್ಟೆ ಸಾಲುತ್ತಿಲ್ಲ ಅಂತ. ಅದಕ್ಕಾಗಿ ಒಂದು ಹೊಸ ಮಾರಾಟ ತೆರಿಗೆ ತಂದ. ಪ್ರತಿ ವ್ಯಾಪಾರದಲ್ಲೂ 24ಕ್ಕೆ 1 ಪಾಲು, ಅರ್ಧ ಕೊಂಡವನು ಕೊಡಬೇಕು, ಅರ್ಧ ಮಾರಿದವನು. ಮರುವರ್ಷ ಇನ್ನೊಂದು ಆದೇಶ: ವ್ಯಾಂಡಲರು ಬಿಟ್ಟುಕೊಟ್ಟ ಆಫ್ರಿಕಾದ ಉಳಿದ ಚೂರುಗಳು ಹಾಳುಬಿದ್ದಿವೆ, ಮೊದಲಿನ ಕಂದಾಯದ ಎಂಟರಲ್ಲಿ ಒಂದು ಪಾಲು ಕೊಟ್ಟರೆ ಸಾಕು. ಒಂದು ಸರ್ಕಾರ ತನ್ನ ಕೈ ಬರಿದಾಗಿದೆ ಅಂತ ಸಹಿ ಹಾಕಿ ಬರೆದುಕೊಟ್ಟ ಕಾಗದ ಇವು. ಗಡಿಯಾಚೆಯ ಬರ್ಬರರು ಕೆಡವಿದರೋ ಒಳಗಿನಿಂದ ಕೊಳೆಯಿತೋ ಅನ್ನುವ ಹಳೇ ಜಗಳ ನನಗೆ ಅಷ್ಟು ಮುಖ್ಯ ಅನ್ನಿಸದೇ ಇರುವುದು ಇದಕ್ಕೇ. ವ್ಯಾಂಡಲರು ಹಿಡಿದದ್ದು ಬರೀ ಊರಲ್ಲ, ಸಂಬಳದ ಮೂಲ. ಅದನ್ನು ಹಿಡಿಯೋಕೆ ದಾರಿ ಸಿಕ್ಕಿದ್ದು ರೋಮನ್ನರ ಒಳಜಗಳದಿಂದ.

ಆಫ್ರಿಕಾ ವಾಪಸ್ ತಗೊಂಡರೆ ಬದುಕಬಹುದು ಅಂತ ಅವರಿಗೂ ಗೊತ್ತಿತ್ತು, ಪೆದ್ದರೇನಲ್ಲ. ಆದರೆ 454ರಲ್ಲಿ ವ್ಯಾಲೆಂಟೀನಿಯನ್ ಸೇನಾಪತಿ ಏಟಿಯಸ್‌ನನ್ನು ಸ್ವಂತ ಕೈಯಾರೆ ಕಡಿದು ಕೊಂದ. ಹೂಣರ ಅಟಿಲನನ್ನು ಗಾಲ್‌ನಲ್ಲಿ ತಡೆದವನು ಈ ಏಟಿಯಸ್. ಎಡಗೈಯಿಂದ ಬಲಗೈ ಕತ್ತರಿಸಿಕೊಂಡಿರಿ ಅಂತ ರೋಮನ್ನನೊಬ್ಬ ಚಕ್ರವರ್ತಿಗೆ ಹೇಳಿದನಂತೆ. ಮರುವರ್ಷ ಏಟಿಯಸ್‌ನ ಕಡೆಯವರು ಚಕ್ರವರ್ತಿಯನ್ನೇ ಕೊಂದರು, ಅದೇ ವರ್ಷ ಗೈಸೆರಿಕ್ ಹಡಗಿನಲ್ಲಿ ಬಂದು ರೋಮನ್ನು ಹದಿನಾಲ್ಕು ದಿನ ದೋಚಿದ. ಮಜೋರಿಯನ್ ಅನ್ನುವ ಸಮರ್ಥ ಚಕ್ರವರ್ತಿಯೊಬ್ಬ ಆಫ್ರಿಕಾಕ್ಕೆ ಹೋಗೋಕೆ ಸ್ಪೇನ್‌ನಲ್ಲಿ ಹಡಗು ಕಟ್ಟಿಸಿದ. 460ರಲ್ಲಿ ಅವು ಹೊರಡುವ ಮೊದಲೇ ಶತ್ರುವಿನ ಕೈ ಸೇರಿ ಹಾಳಾದವು. ಮರುವರ್ಷ ಅವನ ಸೇನಾಪತಿ ರಿಸಿಮರನೇ ಅವನನ್ನು ಕೊಲ್ಲಿಸಿದ.

ಕೊನೆಯ ಪ್ರಯತ್ನ 468ರಲ್ಲಿ. ಈ ಸಲ ಪೂರ್ವದವರೇ ಹಣ ಹಾಕಿದರು. ಸಾವಿರಕ್ಕೂ ಹೆಚ್ಚು ಹಡಗು, ಬರೀ ಚಿನ್ನದಲ್ಲೇ 64,000 ಪೌಂಡ್ ಖರ್ಚು ಅಂತ ದಾಖಲೆ, ಬೆಳ್ಳಿ ಬೇರೆ. ನಾಯಕ ಬೆಸಿಲಿಸ್ಕಸ್, ಚಕ್ರವರ್ತಿಯ ಹೆಂಡತಿಯ ಸೋದರ. ಕಾರ್ಥೇಜ್ ಇನ್ನೇನು ಹತ್ತಿರದಲ್ಲೇ ಇತ್ತು. ಗೈಸೆರಿಕ್ ಐದು ದಿನ ಕಾಲಾವಕಾಶ ಕೇಳಿದ, ಇವನು ಕೊಟ್ಟ. ಅಷ್ಟರಲ್ಲಿ ಗಾಳಿ ತಿರುಗಿತು, ವ್ಯಾಂಡಲರು ಹಳೇ ಹಡಗುಗಳಿಗೆ ಬೆಂಕಿ ಹಚ್ಚಿ ಗಾಳಿಯ ಜೊತೆ ತೇಲಿಬಿಟ್ಟರು. ಒತ್ತೊತ್ತಾಗಿ ನಿಂತಿದ್ದ ರೋಮನ್ ಹಡಗುಗಳು ಸುಟ್ಟುಹೋದವು. ಇಲ್ಲಿಗೆ ಪಶ್ಚಿಮ ಉಳಿಯುವ ಆಸೆಗೆ ಎಳ್ಳುನೀರು ಬಿಟ್ಟಂತಾಯಿತು. ಆಗಲೇಬೇಕಿತ್ತು ಅಂತ ಮಾತ್ರ ನಾನು ಹೇಳಲ್ಲ. 533ರಲ್ಲಿ ಇದೇ ಪೂರ್ವ ರೋಮಿನ ಬೆಲಿಸೇರಿಯಸ್ ಹದಿನೈದು ಸಾವಿರ ಸೈನಿಕರ ಜೊತೆ ಹೋಗಿ ಕೆಲವೇ ತಿಂಗಳಲ್ಲಿ ಆಫ್ರಿಕಾ ಗೆದ್ದುಬಿಟ್ಟ.

ಈಗ ಪರೀಕ್ಷೆಗೆ ವಾಪಸ್ ಬನ್ನಿ. ಪೂರ್ವ ಯಾಕೆ ಬೀಳಲಿಲ್ಲ? ಅಟಿಲ ಬಾಲ್ಕನ್ ಪ್ರದೇಶವನ್ನೆಲ್ಲ ತುಳಿದ, 447ರ ಹೊತ್ತಿಗೆ ವರ್ಷಕ್ಕೆ 2100 ಪೌಂಡ್ ಚಿನ್ನ ಕಕ್ಕಿಸಿದ. ಪೂರ್ವದವರು ಗೊಣಗುತ್ತಾ ಕೊಟ್ಟರು. ಕೊಡೋಕೆ ಅವರಲ್ಲಿತ್ತು. ಕಾನ್‌ಸ್ಟಾಂಟಿನೋಪಲ್‌ಗೆ 413ರಲ್ಲಿ ಮುಗಿಸಿದ ದೊಡ್ಡ ಕೋಟೆಗೋಡೆ ಇತ್ತು, ಅದರಾಚೆ ಸಮುದ್ರ. ಅದನ್ನು ದಾಟದೆ ಏಷ್ಯಾ ಕಡೆಯ ಸಿರಿವಂತ ಪ್ರಾಂತ್ಯಗಳಿಗೆ ಹೋಗೋಕೆ ಆಗಲ್ಲ. ಈಜಿಪ್ಟ್, ಸಿರಿಯಾ, ಅನಟೋಲಿಯಾದಿಂದ (ಇವತ್ತಿನ ಟರ್ಕಿ) ಕಂದಾಯ ವರ್ಷ ವರ್ಷ ಬರುತ್ತಲೇ ಇತ್ತು. ಐದನೇ ಶತಮಾನದಲ್ಲಿ ಪರ್ಷಿಯಾದ ಜೊತೆ ದೊಡ್ಡ ಯುದ್ಧವೂ ಆಗಲಿಲ್ಲ, ಅದು ಅದೃಷ್ಟ. ಮುಂದೆ ಏಳನೇ ಶತಮಾನದಲ್ಲಿ ಅರಬರು ಸಿರಿಯಾ, ಈಜಿಪ್ಟ್ ಕಿತ್ತುಕೊಂಡಾಗ ಪೂರ್ವ ರೋಮೂ ಕುಗ್ಗಿ ಸಣ್ಣದಾಯಿತು. ಗೋಡೆ ಮತ್ತು ಅನಟೋಲಿಯಾ ಉಳಿದದ್ದರಿಂದ ಜೀವ ಉಳಿಯಿತು.

476ಕ್ಕೆ ಬರೋಣ. ಅಷ್ಟರಲ್ಲಿ ಇಟಲಿ ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ. ಇಟಲಿಯ ಸೈನ್ಯದಲ್ಲಿದ್ದವರು ಬಹುಪಾಲು ಗಡಿಯಾಚೆಯವರು. ಅವರು ಸಂಬಳ ಕೇಳಲಿಲ್ಲ, ಇಟಲಿಯ ಜಮೀನಿನಲ್ಲಿ ಮೂರರಲ್ಲಿ ಒಂದು ಪಾಲು ಕೊಡಿ ಅಂದರು. ನಗದು ಬರಲ್ಲ ಅಂತ ಅವರಿಗೆ ಗೊತ್ತಾಗಿಹೋಗಿತ್ತು. ಹುಡುಗ ಚಕ್ರವರ್ತಿ ರೊಮುಲಸ್ ಆಗಸ್ಟುಲಸ್‌ನ ಅಪ್ಪ ಒರೆಸ್ಟೆಸ್ ಆಗಲ್ಲ ಅಂದ. ಅವನನ್ನು ಕೊಂದರು. ಅವರ ನಾಯಕ ಒಡೊಆಸರ್ ಹುಡುಗನನ್ನು ಕೆಳಗಿಳಿಸಿ, ಪಾಪ ಅಂತ ಬಿಟ್ಟು, ವರ್ಷಕ್ಕೆ 6000 ಚಿನ್ನದ ನಾಣ್ಯ ಪಿಂಚಣಿ ಕೊಟ್ಟು ನೇಪಲ್ಸ್ ಕಡೆಯ ಒಂದು ಬಂಗಲೆಗೆ ಕಳಿಸಿದ. ರಾಜಲಾಂಛನಗಳನ್ನು ಕಾನ್‌ಸ್ಟಾಂಟಿನೋಪಲ್‌ಗೆ ಕಳಿಸಿಕೊಟ್ಟು, ಇಲ್ಲಿ ಬೇರೆ ಚಕ್ರವರ್ತಿ ಬೇಕಿಲ್ಲ ಅಂತ ಹೇಳಿಸಿದ.

ಕೊನೆಯ ಪ್ರಶ್ನೆ, ಜನರಿಗೆ ಗೊತ್ತಾಯಿತಾ? ಅದು ನೀವು ಎಲ್ಲಿದ್ದಿರಿ ಅನ್ನೋದರ ಮೇಲೆ.

ಇವತ್ತಿನ ಜರ್ಮನಿಯ ಪಾಸೌ ಊರು ಆಗ ಬಟಾವಿಸ್ ಅನ್ನುವ ಗಡಿ ಠಾಣೆ. ಅಲ್ಲಿ ಸೆವೆರಿನಸ್ ಅನ್ನುವ ಸಂತನಿದ್ದ. ಅವನ ಶಿಷ್ಯನೊಬ್ಬ 511ರ ಸುಮಾರಿಗೆ ಗುರುವಿನ ಜೀವನ ಬರೆದ. ಅದರಲ್ಲಿ ಬರುವ ಒಂದು ಸಂಗತಿಯನ್ನು ನಾನು ಪಾಠ ಮಾಡುವಾಗ ಯಾವತ್ತೂ ಬಿಡಲ್ಲ. ರೋಮನ್ ಸಾಮ್ರಾಜ್ಯ ಇದ್ದಷ್ಟು ಕಾಲ ಊರೂರಲ್ಲಿ ಗಡಿ ಕಾಯುವ ಸೈನಿಕರಿಗೆ ಸರ್ಕಾರದ ಸಂಬಳ ಬರುತ್ತಿತ್ತು. ಅದು ನಿಂತಾಗ ತುಕಡಿಗಳು ಕರಗಿಹೋದವು. ಬಟಾವಿಸ್‌ನ ತುಕಡಿ ಮಾತ್ರ ಹಾಗೇ ಇತ್ತು. ತಮ್ಮ ಸಂಗಡಿಗರ ಕೊನೆಯ ಸಂಬಳ ತರೋಕೆ ಅಂತ ಕೆಲವರು ಇಟಲಿಗೆ ಹೊರಟರು. ದಾರಿಯಲ್ಲಿ ಅವರನ್ನು ಕೊಂದದ್ದು ಯಾರಿಗೂ ಗೊತ್ತಾಗಲಿಲ್ಲ. ಒಂದು ದಿನ ಸೆವೆರಿನಸ್ ಓದುತ್ತಿದ್ದವನು ಪುಸ್ತಕ ಮುಚ್ಚಿ ಅಳತೊಡಗಿದ, ಬೇಗ ಹೊಳೆಗೆ ಹೋಗಿ ನೋಡಿ ಅಂದ. ಅಷ್ಟರಲ್ಲೇ ಹೆಣಗಳು ನೀರಿನಲ್ಲಿ ತೇಲಿ ದಡಕ್ಕೆ ಬಂದವು ಅಂತ ಸುದ್ದಿ ಬಂತು. ಸಂತನ ಪವಾಡದ ಭಾಗ ಬಿಟ್ಟುಬಿಡಿ. ಬಾಕಿ ಸಂಬಳ ಕೇಳೋಕೆ ಆಲ್ಪ್ಸ್ ಬೆಟ್ಟದಾಚೆಯ ಇಟಲಿಗೆ ಹೊರಟ ಆ ಸೈನಿಕರಿಗೆ ಸಾಮ್ರಾಜ್ಯ ಮುಗಿದಿದೆ ಅಂತ ಯಾರೂ ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಅದು ತಡವಾದ ಸಂಬಳ, ಅಷ್ಟೇ.

ಬ್ರಿಟನ್‌ನಲ್ಲಿ ಎಲ್ಲರಿಗೂ ಗೊತ್ತಾಗಿರಬೇಕು. ಸೈನ್ಯ ಹೋಯಿತು, ಸೈನ್ಯದ ಸಂಬಳವಾಗಿ ಬರುತ್ತಿದ್ದ ನಾಣ್ಯವೂ ನಿಂತಿತು. ಒಂದೆರಡು ತಲೆಮಾರಿನಲ್ಲಿ ಕುಂಬಾರರ ಚಕ್ರದಲ್ಲಿ ಮಾಡಿದ ಮಡಕೆ ಕೂಡ ಹೆಚ್ಚುಕಡಿಮೆ ಮಾಯ. ಕೊಳ್ಳುವವರಿಲ್ಲ, ಸಾಗಿಸುವವರಿಲ್ಲ, ಕೈಯಲ್ಲಿ ತಟ್ಟಿದ ಒರಟು ಮಡಕೆಯೇ ಗತಿ. ಗಾಲ್‌ನಲ್ಲಿ ಜಮೀನ್ದಾರರು ಗೋಥ್ ರಾಜನ ಆಸ್ಥಾನಕ್ಕೆ ಹೋಗಿ ಕೈಮುಗಿದು ತಮ್ಮ ಜಮೀನು ಆದಷ್ಟು ಉಳಿಸಿಕೊಂಡರು. ಅವರಲ್ಲಿ ಸುಮಾರು ಜನ ಬಿಷಪ್ಪರಾದರು.

ಇಟಲಿಯಲ್ಲಿ ಮಾತ್ರ 476 ಅಂಥ ದೊಡ್ಡ ದಿನವಾಗಿ ಯಾರಿಗೂ ಅನ್ನಿಸಿರಲಾರದು. ಒಡೊಆಸರ್ ಕಾಲದಲ್ಲೂ ಸೆನೆಟ್ ಸೇರುತ್ತಿತ್ತು, ಕಾನ್ಸಲ್‌ಗಳ ನೇಮಕ ಆಗುತ್ತಿತ್ತು, ಕಂದಾಯದವರು ಬರುತ್ತಲೇ ಇದ್ದರು. ಅವನ ನಂತರ ಬಂದ ಗೋಥ್ ರಾಜ ಥಿಯೊಡೊರಿಕ್ ಹಳೇ ಕಟ್ಟಡಗಳನ್ನೂ ರಿಪೇರಿ ಮಾಡಿಸಿದ. ಇಟಲಿ ನಿಜವಾಗಿ ಹಾಳಾದದ್ದು 535ರಿಂದ, ಕಾನ್‌ಸ್ಟಾಂಟಿನೋಪಲ್‌ನ ಜಸ್ಟೀನಿಯನ್ ಇಟಲಿಯನ್ನು ಮತ್ತೆ ರೋಮನ್ ಸಾಮ್ರಾಜ್ಯಕ್ಕೆ ಸೇರಿಸೋಕೆ ದಂಡು ಕಳಿಸಿದಾಗ. ಯುದ್ಧ ಇಪ್ಪತ್ತು ವರ್ಷ ಎಳೆಯಿತು. 537ರ ಮುತ್ತಿಗೆಯಲ್ಲಿ ಗೋಥರು ರೋಮ್ ನಗರಕ್ಕೆ ನೀರು ತರುತ್ತಿದ್ದ ಮೇಲ್ಗಾಲುವೆಗಳನ್ನು ಕಡಿದುಹಾಕಿದರು. ಒಂದು ಕಾಲಕ್ಕೆ ಹತ್ತು ಲಕ್ಷ ಜನ ಇದ್ದ ಊರಿನಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಒಂದು ಲಕ್ಷವೂ ಉಳಿದಿರಲಿಲ್ಲ. ಯುದ್ಧದ ನಡುವೆಯೇ, ಗೆದ್ದೆವು ಅಂದುಕೊಂಡ ಕೂಡಲೇ ಜಸ್ಟೀನಿಯನ್ ಸರ್ಕಾರ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಬಾಕಿ ಕಂದಾಯ ವಸೂಲಿಗೆ ಅಧಿಕಾರಿಗಳನ್ನು ಕಳಿಸಿದ್ದು.